ಸ್ಟ್ರಾಲರ್ ಆರಿಸುವಾಗ ನಾನು ಮೊದಲು ನೋಡಿದ್ದು ಚಕ್ರ

ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಕೊಳ್ಳಲು ಹೋದವರ ಕಣ್ಣು ಮೊದಲು ಸೀಟಿನ ಮೇಲೆ, ಬಟ್ಟೆಯ ಬಣ್ಣದ ಮೇಲೆ ಬೀಳುತ್ತದೆ. ನಾನು ಬಗ್ಗಿ ಚಕ್ರ ನೋಡಿದೆ. ನಮ್ಮ ಮನೆ ಇರುವುದು ಬಸವನಗುಡಿ ಕಡೆ, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ. ಗೇಟು ದಾಟಿದರೆ ಚಪ್ಪಡಿ ಕಲ್ಲಿನ ಫುಟ್‌ಪಾತ್. ಒಂದು ಚಪ್ಪಡಿ ಅಲುಗಾಡುತ್ತದೆ, ಇನ್ನೊಂದರ ಪಕ್ಕ ಸಂದು ಬಿಟ್ಟಿರುತ್ತದೆ, ಮರದ ಬೇರು ಇರುವಲ್ಲಿ ಕಲ್ಲೇ ಮೇಲೆದ್ದಿರುತ್ತದೆ. ಗಾಡಿ ಓಡಬೇಕಾದದ್ದು ಇಲ್ಲಿ ತಾನೇ? ಹಾಗಾಗಿ ರಸ್ತೆ, ಮೆಟ್ಟಿಲು, ಕಾರಿನ ಹಿಂದೆ ಸಾಮಾನು ಇಡುವ ಜಾಗ, ಈ ಮೂರನ್ನು ತಲೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋದೆವು.

ಹೋಗುವಾಗ ಐದು ಕೆಜಿಯ ಅಕ್ಕಿ ಚೀಲ ಒಂದನ್ನು ಜೊತೆಗೆ ಒಯ್ದೆವು. ಅಂಗಡಿಯ ನುಣುಪು ನೆಲದ ಮೇಲೆ ಖಾಲಿ ಗಾಡಿ ಯಾವುದಾದರೂ ಸಲೀಸಾಗಿ ಉರುಳುತ್ತದೆ. ಮಗುವಿನಷ್ಟು ಭಾರ ಕೂರಿಸಿ ತಳ್ಳಿದಾಗಲೇ ನಿಜ ಗೊತ್ತಾಗುವುದು. ಒಂದು ಕೈಯಲ್ಲಿ ತಿರುಗಿಸಿದೆ. ಹ್ಯಾಂಡಲ್ ಒತ್ತಿ ಮುಂದಿನ ಚಕ್ರ ಎತ್ತಿದೆ. ಬಾಗಿಲ ಹೊಸ್ತಿಲು ದಾಟಿಸಿದೆ. ನಮ್ಮ ಬೀದಿಯಲ್ಲಿ ಹೆಜ್ಜೆಗೊಮ್ಮೆ ಮಾಡುವ ಕೆಲಸವೇ ಅದು, ಮುಂದಿನ ಚಕ್ರ ಎತ್ತಿ ಸಂದು ದಾಟಿಸುವುದು. ಎರಡು ಬೇರೆ ಬೇರೆ ಹಿಡಿಗಳಿರುವ ಗಾಡಿಯಲ್ಲಿ ಇದನ್ನು ಒಂದು ಕೈಯಲ್ಲಿ ಮಾಡುವುದು ಕಷ್ಟ. ಅಡ್ಡಕ್ಕೆ ಒಂದೇ ಉದ್ದನೆಯ ಹಿಡಿ ಇದ್ದರೆ ಸುಲಭ, ಇನ್ನೊಂದು ಕೈಯಲ್ಲಿ ಕೊಡೆಯನ್ನೂ ಹಿಡಿಯಬಹುದು.

ಚಕ್ರದಲ್ಲಿ ಮುಖ್ಯವಾಗಿ ಮೂರು ಬಗೆ ಕಂಡೆ. ಬರೀ ಗಟ್ಟಿ ಪ್ಲಾಸ್ಟಿಕ್‌ನದು ಅಗ್ಗ, ಆದರೆ ಪ್ರತಿ ಕಲ್ಲಿನ ಅದುರು ಮಗುವಿನ ಬೆನ್ನಿಗೆ ನೇರವಾಗಿ ತಲುಪುತ್ತದೆ. ಫೋಮ್ ಅಥವಾ ರಬ್ಬರಿನಂಥ ಮೆತ್ತನೆಯ ಹೊದಿಕೆ ಇರುವುದು ನಡುವಿನದು, ಪಂಕ್ಚರ್ ಚಿಂತೆ ಇಲ್ಲ. ಗಾಳಿ ತುಂಬಿದ ದೊಡ್ಡ ಚಕ್ರ ಮಣ್ಣಿನ ದಾರಿಗೆ ಎಲ್ಲಕ್ಕಿಂತ ಒಳ್ಳೆಯದು. ಮೈಸೂರಿನ ನನ್ನ ತವರಿನಿಂದ ಕುಕ್ಕರಹಳ್ಳಿ ಕೆರೆಯ ದಾರಿಗೆ ದಿನಾ ಹೋಗುವಂತಿದ್ದರೆ ಅದನ್ನೇ ತರುತ್ತಿದ್ದೆ. ಆದರೆ ಅಂಥ ಮೂರು ಚಕ್ರದ ಗಾಡಿ ತುಂಬಾ ಭಾರ, ಮಡಚಿದರೂ ಜಾಗ ತಿನ್ನುತ್ತದೆ. ಎರಡು ಮಹಡಿ ಹೊತ್ತು ಹತ್ತಿಸುವವರು ಯಾರು? ನಾವು ಆರಿಸಿದ್ದು ಮೆತ್ತನೆ ಹೊದಿಕೆಯ ನಾಲ್ಕು ಚಕ್ರ. ಮುಂದಿನವು ಸುತ್ತ ತಿರುಗುತ್ತವೆ, ಬೇಕೆಂದಾಗ ನೇರಕ್ಕೆ ಲಾಕ್ ಮಾಡಬಹುದು. ಜಲ್ಲಿ, ಮರಳು ಸಿಕ್ಕಾಗ ಲಾಕ್ ಮಾಡಿದರೆ ಗಾಡಿ ಅತ್ತಿತ್ತ ಎಳೆಯುವುದಿಲ್ಲ.

ಕೊಡೆಯ ಹಾಗೆ ಮಡಚುವ ತೆಳ್ಳನೆ ಗಾಡಿಯೂ ನಮ್ಮ ಪಟ್ಟಿಯಲ್ಲಿತ್ತು. ಅದರ ಹಿಂದಿನ ಕತೆ ನನಗೆ ತುಂಬಾ ಇಷ್ಟ. ಓವೆನ್ ಮೆಕ್ಲಾರೆನ್ ಎಂಬ ಬ್ರಿಟಿಷ್ ವಿಮಾನ ಎಂಜಿನಿಯರ್ 1965ರಲ್ಲಿ ಅದನ್ನು ರೂಪಿಸಿದರು. ಸ್ಪಿಟ್‌ಫೈರ್ ಯುದ್ಧವಿಮಾನದ ಇಳಿಗಾಲಿಗಳ ಮೇಲೆ ಕೆಲಸ ಮಾಡಿದ್ದವರು ಅವರು. ಮಡಚಿಕೊಂಡು ಒಳಗೆ ಸೇರುವ ಗಾಲಿಯ ತಿಳಿವಳಿಕೆ, ಹಗುರ ಅಲ್ಯೂಮಿನಿಯಂ ಕೊಳವೆ, ಎರಡೂ ಸೇರಿ ಸುಮಾರು 2.7 ಕೆಜಿಯ ಗಾಡಿ ಹುಟ್ಟಿತು. ಇಂದಿಗೂ ಬಸ್ಸು, ರೈಲು ಹತ್ತಿ ಇಳಿಯುವವರಿಗೆ ಅದು ವರ. ಆದರೆ ಅದರ ಸೀಟು ಹೆಚ್ಚಾಗಿ ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ, ನಮಗೆ ಅಡ್ಡಿಯಾದದ್ದು ಇದೇ.

ಬಾಣಂತನ ಮುಗಿಸಿ ನಾನು ಬೆಂಗಳೂರಿಗೆ ಬಂದಾಗ ಮಗುವಿಗೆ ಕತ್ತು ಇನ್ನೂ ಸರಿಯಾಗಿ ನಿಂತಿರಲಿಲ್ಲ. ಕೂರಿಸಿದರೆ ತಲೆ ಮುಂದಕ್ಕೆ ಜೋಲಿ ಗದ್ದ ಎದೆಗೆ ತಾಗುತ್ತದೆ. ಹಾಗಾದಾಗ ಎಳೆ ಮಗುವಿನ ಉಸಿರಿನ ದಾರಿ ಇಕ್ಕಟ್ಟಾಗಬಹುದು. ಅದಕ್ಕೇ ಆರು ತಿಂಗಳವರೆಗೆ ಸೀಟು ಹೆಚ್ಚುಕಡಿಮೆ ಮಲಗಿಸುವಷ್ಟು ಬಾಗಲೇಬೇಕು. ಯುರೋಪಿನ ಇಎನ್ 1888 ಎಂಬ ಮಾನದಂಡ ಇಂಥ ಮಕ್ಕಳಿಗೆ ಬೆನ್ನಿಗೂ ಸೀಟಿಗೂ ನಡುವೆ ಕನಿಷ್ಠ 150 ಡಿಗ್ರಿ ಕೋನ ಇರಬೇಕು ಎನ್ನುತ್ತದೆ. ಪೆಟ್ಟಿಗೆಯ ಮೇಲೆ ‘ಹುಟ್ಟಿದಾಗಿನಿಂದ’ ಎಂದು ಬರೆದಿದ್ದರೂ ನಾನು ಸೀಟನ್ನು ಪೂರ್ತಿ ಬಾಗಿಸಿಯೇ ನೋಡಿದೆ. ಮಗುವಿನ ಮುಖ ನಮ್ಮ ಕಡೆಗೆ ಬರುವಂತೆ ತಿರುಗಿಸುವ ಹಿಡಿ ಇದ್ದದ್ದೂ ಆ ತಿಂಗಳುಗಳಲ್ಲಿ ತುಂಬಾ ಉಪಯೋಗಕ್ಕೆ ಬಂತು.

“ಎತ್ತಿಕೊಳ್ಳೋಕೆ ನಾವೆಲ್ಲ ಇಲ್ವಾ, ಗಾಡಿ ಯಾಕಮ್ಮಾ?” ಎಂದು ಅತ್ತೆ ಕೇಳಿದ್ದರು. ಮಂಡಿ ನೋವಿರುವ ಅವರೇ ಈಗ ಸಂಜೆ ಲಾಲ್‌ಬಾಗಿನಲ್ಲಿ ಗಾಡಿ ತಳ್ಳುತ್ತಾರೆ. ಹಾಗಾಗಿ ಬ್ರೇಕಿನ ವಿಷಯದಲ್ಲಿ ನಾನು ಹಟ ಹಿಡಿದದ್ದು ಒಳ್ಳೆಯದೇ ಆಯಿತು. ಒಂದೇ ಪೆಡಲ್ ಒತ್ತಿದರೆ ಹಿಂದಿನ ಎರಡೂ ಚಕ್ರ ನಿಲ್ಲಬೇಕು. ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಇದ್ದರೆ ಒಂದನ್ನು ಮರೆಯುವುದು ಸಹಜ, ಅಲ್ವಾ? ಚಪ್ಪಲಿ ಹಾಕಿದ ಕಾಲಿನಿಂದ ಬ್ರೇಕನ್ನು ಬಿಡಿಸಲೂ ಆಗಬೇಕು. ಕೆಲವದನ್ನು ಬೆರಳಿನಿಂದ ಮೇಲಕ್ಕೆ ಎತ್ತಬೇಕಾಗುತ್ತದೆ, ಹವಾಯಿ ಚಪ್ಪಲಿಯಲ್ಲಿ ಅದು ಕಷ್ಟ.

ಬೆಲ್ಟ್ ಐದು ಕಡೆ ಹಿಡಿಯುವಂಥದ್ದೇ ಇರಲಿ: ಎರಡು ಭುಜ, ಎರಡು ಸೊಂಟ, ಕಾಲ ನಡುವೆ ಒಂದು. ಸೊಂಟಕ್ಕೆ ಮಾತ್ರ ಇದ್ದರೆ ತೆವಳಲು ಕಲಿತ ಮಗು ಎದ್ದು ನಿಂತುಬಿಡುತ್ತದೆ, ಇಲ್ಲವೇ ಕೆಳಗೆ ಜಾರುತ್ತದೆ. ಇನ್ನೊಂದು ಮಾತು, ಹಿಡಿಗೆ ತರಕಾರಿ ಚೀಲ ನೇತುಹಾಕಬೇಡಿ. ಮಗುವನ್ನು ಎತ್ತಿದ ಕೂಡಲೇ ಭಾರವೆಲ್ಲ ಹಿಂದಕ್ಕೆ ಬಿದ್ದು ಗಾಡಿ ಮಗುಚುತ್ತದೆ. ಮಗು ಒಳಗಿದ್ದಾಗಲೂ ಹಾಗಾಗಬಹುದು. ಸಾಮಾನು ಸೀಟಿನ ಕೆಳಗಿನ ಬುಟ್ಟಿಗೆ ಹೋಗಲಿ. ಆ ಬುಟ್ಟಿ ದೊಡ್ಡದಿದೆಯಾ ಎಂದು ಸೀಟು ಬಾಗಿಸಿಯೇ ನೋಡಿ, ಬಾಗಿಸಿದಾಗ ಕೈ ಹಾಕಲು ಜಾಗವೇ ಇರದ ಗಾಡಿಗಳಿವೆ.

ಬೇಸಿಗೆಯಲ್ಲಿ ಬಿಸಿಲಿಗೆ ಅಡ್ಡವಾಗಿ ಗಾಡಿಯ ಮೇಲೆ ಸೀರೆಯೋ ಟವೆಲೋ ಹೊದಿಸುವುದನ್ನು ಪಾರ್ಕಿನಲ್ಲಿ ಆಗಾಗ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಆಡದೆ ಒಳಗೆ ಬೇಗ ಕಾವು ಏರುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ಮೂಗಿನವರೆಗೆ ನೆರಳು ಕೊಡುವ ಉದ್ದನೆಯ ಮೇಲ್ಚಾವಣಿ, ಹಿಂಬದಿಯಲ್ಲಿ ಜಾಲರಿಯ ಕಿಟಕಿ ಇರುವುದನ್ನು ಆರಿಸಿ. ಸಂಜೆಗೆ ಸೊಳ್ಳೆ ಪರದೆ ಬೇಕು.

ಮಡಚುವುದನ್ನು ಅಂಗಡಿಯವರು ಮಾಡಿ ತೋರಿಸಿದರೆ ಸಾಲದು, ನೀವೇ ಮಾಡಿ. ನಡುವೆ ಕುಸಿಯದಂತೆ ಎರಡು ಲಾಕ್ ಇರಬೇಕು. ಬಿಡಿಸಿದಾಗ ಟಕ್ ಎಂಬ ಸದ್ದು ಕೇಳಿದ ಮೇಲೆಯೇ ಮಗುವನ್ನು ಕೂರಿಸಿ. ಮಡಚುವಾಗ, ಬಿಡಿಸುವಾಗ ಮಕ್ಕಳು ಹತ್ತಿರ ಇರಬಾರದು, ಕೀಲಿನ ಸಂದಿಗೆ ಎಳೆ ಬೆರಳು ಸಿಕ್ಕರೆ ದೊಡ್ಡ ಗಾಯವಾಗುತ್ತದೆ. ನಮ್ಮದು ಆಟೊದಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲುತ್ತದೆ. ಮೆಟ್ರೊದಲ್ಲಿ ಮಡಚುವ ಗೋಜೇ ಇಲ್ಲ: ಲಿಫ್ಟ್ ಇದೆ, ಒಳಗೆ ಹೋಗಲು ಅಗಲದ ಗೇಟೂ ಇದೆ. ಎಸ್ಕಲೇಟರ್ ಮೇಲೆ ಮಾತ್ರ ಗಾಡಿ ಹತ್ತಿಸಬೇಡಿ.

ನೋಡಿಕೊಳ್ಳುವುದು ಅಷ್ಟೇನೂ ಕಷ್ಟವಿಲ್ಲ. ಬಟ್ಟೆ ಬಿಚ್ಚಿ ಒಗೆಯುವಂತಿರಲಿ. ರಾಗಿ ಸರಿ ಬಕಲ್ ಒಳಗೆ ಒಣಗಿದರೆ ಗುಂಡಿಯೇ ಒತ್ತಲಾಗುವುದಿಲ್ಲ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಳೆ ಬ್ರಷ್‌ನಿಂದ ಉಜ್ಜಿದರೆ ಬಿಡುತ್ತದೆ. ಮುಂದಿನ ಚಕ್ರ ಗಟ್ಟಿಯಾದರೆ ಬಿಚ್ಚಿ ನೋಡಿ, ಅಚ್ಚಿಗೆ ತಲೆಗೂದಲು ಸುತ್ತಿಕೊಂಡಿರುತ್ತದೆ. ಅದನ್ನು ಕತ್ತರಿಸಿ ತೆಗೆದರೆ ಮತ್ತೆ ಸಲೀಸು. ಅಡುಗೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನೂ ಜಾಸ್ತಿ ಗಟ್ಟಿಯಾಗುತ್ತದೆ.

ನೆಂಟರಿಂದ ಹಳೆಯದು ಸಿಗುವಂತಿದ್ದರೆ ಸಂತೋಷದಿಂದ ತೆಗೆದುಕೊಳ್ಳಿ. ಲಾಕ್, ಬಕಲ್, ಬ್ರೇಕ್ ಮೂರನ್ನೂ ಭಾರ ಇಟ್ಟು ಪರೀಕ್ಷಿಸಿ, ಚೌಕಟ್ಟಿನಲ್ಲಿ ಬಿರುಕು ಇದೆಯಾ ನೋಡಿ. ಲಾಕ್ ಸಡಿಲವಾಗಿದ್ದರೆ ಮಾತ್ರ ಹಗ್ಗ ಕಟ್ಟಿ ಓಡಿಸಲು ಹೋಗಬೇಡಿ, ಅದು ಬೇಡವೆಂದು ಹೇಳಿಬಿಡಿ.