ನೆಟ್‌ನಲ್ಲಿ ಸಾಮೂಹಿಕ ಸಾಧನೆ: ಕೊನೆಗೂ ಕೈಹಿಡಿದ ಪದ್ಧತಿ

ಪರದೆಯ ಮೇಲೆ ಸತ್ಸಂಗ ನಿಲ್ಲುವುದಿಲ್ಲ, ತಿಂಗಳೊಳಗೆ ಚದುರಿಹೋಗುತ್ತದೆ ಎಂದು ಹೇಳಿದವರಲ್ಲಿ ಹಿರಿಯ ಸಾಧಕರೇ ಹೆಚ್ಚು. ಈಗ ಹೆಚ್ಚುಕಡಿಮೆ ಮೂರು ವರ್ಷದಿಂದ ಕೂಟ ವಾರ ತಪ್ಪದೆ ನಡೆಯುತ್ತಿದೆ. ಅಂದು ನಕ್ಕವರಲ್ಲೂ ಕೆಲವರು ಬಂದು ಕೂರುತ್ತಾರೆ. ಧ್ಯಾನಕ್ಕೆ ಕೂರುವುದು, ಮೀಟಿಂಗ್ ಲಿಂಕ್ ಕಳಿಸುವುದು ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಎಲ್ಲರೂ ಮೈಕ್ ತೆರೆದುಕೊಂಡು ಒಟ್ಟಿಗೆ ನಾಮಸ್ಮರಣೆ ಮಾಡುವ ಆಸೆಯನ್ನು ಮೊದಲು ಕೈಬಿಡಬೇಕು. ಹತ್ತು ಮೀಟರ್ ದೂರ ಕೂತವರ ದನಿ ಗಾಳಿಯಲ್ಲಿ ನಮ್ಮ ಕಿವಿಗೆ ಬರಲು ಸುಮಾರು 30 ಮಿಲಿಸೆಕೆಂಡ್ ಬೇಕು. ವಿಳಂಬ ಅದನ್ನು ದಾಟಿದರೆ ತಾಳ ಜಾರುತ್ತದೆ. ವಿಡಿಯೋ ಕಾಲ್‌ನಲ್ಲಿ ಅದು ಸಲೀಸಾಗಿ 150–200 ಮಿಲಿಸೆಕೆಂಡ್ ಮುಟ್ಟುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಕಾಯುತ್ತಾ ಕಾಯುತ್ತಾ ಲಯ ಎಳೆದು ಕೊನೆಗೆ ನಿಂತೇಹೋಗುತ್ತದೆ. ಸಾಲದ್ದಕ್ಕೆ ಸಾಫ್ಟ್‌ವೇರ್ ಜೋರು ದನಿ ಒಂದನ್ನೇ ಹಿಡಿದು ಉಳಿದವರನ್ನು ಅಡಗಿಸುತ್ತದೆ. ದೂರದಲ್ಲಿದ್ದು ಒಟ್ಟಿಗೆ ಹಾಡಲೆಂದೇ ವಿಳಂಬ ಕಡಿಮೆ ಮಾಡಿದ ಜಾಮ್ಯುಲಸ್, ಸೋನೋಬಸ್ ಎಂಬ ಸಾಫ್ಟ್‌ವೇರ್‌ಗಳೆರಡನ್ನೂ ನೋಡಿದ್ದಾಯಿತು. ಹತ್ತಿರದವರಿಗೆ, ಕೇಬಲ್‌ನಲ್ಲಿ ನೆಟ್ ಮತ್ತು ವೈರಿನ ಹೆಡ್‌ಫೋನ್ ಇದ್ದವರಿಗೆ ಅವು ಚೆನ್ನಾಗಿಯೇ ನಡೆಯುತ್ತವೆ. ಆದರೆ ಮೂರು ಸಾವಿರ ಕಿಲೋಮೀಟರ್ ಆಚೆಯವರಿಗೆ ಫೈಬರ್‌ನೊಳಗಿನ ಬೆಳಕಿಗೇ 15 ಮಿಲಿಸೆಕೆಂಡ್ ಹೋಗುತ್ತದೆ, ಉಳಿದ ಯಂತ್ರಗಳ ಪಾಲು ಅದರ ಮೇಲೆ. ವಯಸ್ಸಾದವರಿಗೆ ಇವನ್ನು ಫೋನಿನಲ್ಲಿ ಹೊಂದಿಸಿಕೊಡುವುದೇ ಇನ್ನೊಂದು ತಪಸ್ಸು.

ನಡೆಯುವುದು ಇಷ್ಟು: ಒಬ್ಬರು ಹೇಳಿಕೊಡುವುದು, ಉಳಿದವರು ಮೈಕ್ ಮುಚ್ಚಿ ತಮ್ಮ ತಮ್ಮ ಕೋಣೆಯಲ್ಲಿ ಗಟ್ಟಿಯಾಗಿ ಹೇಳುವುದು. ಹೇಳಿಕೊಡುವವರು ಉತ್ತರದ ಸಾಲನ್ನು ಮನಸ್ಸಿನಲ್ಲಿ ಪೂರ್ತಿ ಹೇಳಿಕೊಂಡು ಮುಂದಿನದಕ್ಕೆ ಹೋಗಬೇಕು, ದನಿಗಾಗಿ ಕಾಯಬಾರದು. ಗೋಡೆಗೆ ಹಾಡಿದ ಹಾಗೆ ಅನ್ನಿಸುತ್ತದೆ ನಿಜ. ಅದಕ್ಕೆ ಪ್ರತಿ ಆವರ್ತಕ್ಕೆ ಒಬ್ಬರ ಮೈಕ್ ಮಾತ್ರ ತೆರೆಸುತ್ತೇನೆ. ಒಂದು ದನಿ ತಿರುಗಿ ಬಂದರೂ ಹೇಳಿಕೊಡುವವರು ಉಸಿರಾಡುತ್ತಾರೆ.

ಗಂಟೆಯ ಅನುರಣನ, ತಂಬೂರಿಯ ಶ್ರುತಿ ಎರಡನ್ನೂ ಸಾಫ್ಟ್‌ವೇರ್‌ನ ಹಿನ್ನೆಲೆ ಗದ್ದಲ ತಗ್ಗಿಸುವ ಸೌಲಭ್ಯ ನುಂಗಿಹಾಕುತ್ತದೆ. ಒಂದೇ ಸಮ ಇರುವ ದನಿ ಅದರ ಪಾಲಿಗೆ ಫ್ಯಾನಿನ ಸದ್ದು. ಜೂಮ್‌ನಲ್ಲಾದರೆ ಗಂಟೆ ಹೊಡೆಯುವವರು ದನಿಯನ್ನು ಸೋಸದೆ ಕಳಿಸುವ ‘ಒರಿಜಿನಲ್ ಸೌಂಡ್’ ಹಾಕಿಕೊಳ್ಳಬೇಕು, ಉಳಿದವರು ಅದನ್ನು ಮುಟ್ಟುವುದು ಬೇಡ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ತೆರೆದ ಕೂಡಲೇ ಅದು ಸಾಮಾನ್ಯವಾಗಿ ಕರೆಯ ಗುಣಮಟ್ಟಕ್ಕೆ ಇಳಿದುಬಿಡುತ್ತದೆ, ಹಾಗಾಗಿ ವೈರಿನದೇ ಲೇಸು. ಹಣ ಪೋಲಾಗುವುದು ಮೈಕಿನಲ್ಲಿ. ಸಣ್ಣ ಸದ್ದನ್ನೂ ಹಿಡಿಯುವ ದುಬಾರಿ ಕಂಡೆನ್ಸರ್ ಮೈಕ್ ಕೋಣೆಯ ಮಾರ್ದನಿ, ಬೀದಿಯ ಹಾರ್ನ್ ಎಲ್ಲವನ್ನೂ ಹೊತ್ತು ತರುತ್ತದೆ. ಅದಕ್ಕಿಂತ ಎಷ್ಟೋ ಅಗ್ಗದ, ಹತ್ತಿರದ ದನಿಯನ್ನೇ ಹೆಚ್ಚು ಹಿಡಿಯುವ ಡೈನಾಮಿಕ್ ಮೈಕನ್ನು ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಇಟ್ಟರೆ ಕೆಲಸ ಮುಗಿಯಿತು.

ಇನ್ನು ಜೂಮ್‌ನ ಚಂದಾ. ವರ್ಷಗಟ್ಟಲೆ ಕಟ್ಟಿದ ಹಣದಲ್ಲಿ ಬಂದ ಲಾಭ ಒಂದೂವರೆ ಗಂಟೆಯ ಕೂಟ, ಅದರ ಕೊನೆಯ ಅರ್ಧ ಗಂಟೆ ಇಬ್ಬರೋ ಮೂವರೋ ಮಾತಾಡುವುದು, ಉಳಿದವರು ತಲೆ ಆಡಿಸುವುದು. ಚಂದಾ ಬಿಟ್ಟು ಜೂಮ್‌ನ ಉಚಿತ 40 ನಿಮಿಷಕ್ಕೇ ಕೂಟವನ್ನು ಕತ್ತರಿಸಿದೆ: ಐದು ನಿಮಿಷ ಸೇರಲು, ಆರೇಳು ನಿಮಿಷ ಓದು ಮತ್ತು ಸ್ಮರಣೆ, ಇಪ್ಪತ್ತು ನಿಮಿಷ ಮೌನ, ಗಂಟೆ, ನಮಸ್ಕಾರ. ಐದಾರು ನಿಮಿಷ ಕೈಯಲ್ಲಿ ಉಳಿದಿರಲೇಬೇಕು, ಇಲ್ಲವಾದರೆ ಮೌನದ ನಡುವೆಯೇ ಕರೆ ಕಡಿದುಹೋಗುತ್ತದೆ. ಮಾತುಕತೆಗೆ ಜಾಗ ಉಳಿಯಲಿಲ್ಲ. ಅದನ್ನು ವಾರದ ಮಧ್ಯೆ ಇಬ್ಬಿಬ್ಬರ ಫೋನ್ ಕರೆಗೆ ಸಾಗಿಸಿದೆ. ಕೂಟಕ್ಕೆ ಜೀವ ಬಂದದ್ದು ಅಲ್ಲಿಂದ.

ಕರೆಯ ಕಟ್ಟು ಹೀಗಿದೆ. ವಿಡಿಯೋ ಇಲ್ಲ, ಬರೀ ದನಿ. ಒಬ್ಬರು ಐದು ನಿಮಿಷ ಮಾತಾಡಬೇಕು, ಇನ್ನೊಬ್ಬರು ಹೂಂ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಬಾರದು. ಒಂದು ನಿಮಿಷ ಸುಮ್ಮನಿದ್ದು ಸರದಿ ಬದಲು. ಸಲಹೆ, ಉಪದೇಶ, ‘ನನಗೂ ಹಾಗೇ ಆಗಿತ್ತು’ ಮೂರಕ್ಕೂ ಅವಕಾಶವಿಲ್ಲ. ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಮೌನ ಸಭೆಯಲ್ಲಿ ಒಬ್ಬರು ಮಾತಾಡಿದ ಮೇಲೆ ಮತ್ತೊಬ್ಬರು ಎದ್ದುನಿಲ್ಲುವ ಮೊದಲು ಮೌನಕ್ಕೆ ಜಾಗ ಬಿಡುತ್ತಾರೆ. ಆ ಒಂದು ನಿಮಿಷ ಅಲ್ಲಿಂದ ತಂದದ್ದು. ವಿಷಯ ಒಂದೇ: ಈ ವಾರ ಮನಸ್ಸು ಎಲ್ಲಿ ಒಣಗಿತು, ಎಲ್ಲಿ ತೇವವಾಯಿತು. ಜೋಡಿ ನಾಲ್ಕು ವಾರಕ್ಕೊಮ್ಮೆ ಬದಲಾಗುತ್ತದೆ. ಯಾರನ್ನು ಯಾರ ಜೊತೆ ಕೂಡಿಸುವುದು ಎಂಬುದಕ್ಕೆ ಒಂದು ಲೆಕ್ಕವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಾದರೆ ಜನ ತಮ್ಮ ಜೋಡಿಯ ಅರ್ಥ ಹುಡುಕಲು ಕೂತುಬಿಡುತ್ತಾರೆ.

ಶುಲ್ಕ ಇಟ್ಟರೆ ಬರುವವರು ಗಿರಾಕಿಗಳಾಗಿ ಫಲ ಕೇಳುತ್ತಾರೆ. ಪೂರ್ತಿ ಪುಕ್ಕಟೆ ಬಿಟ್ಟರೆ ಜಾರಿಕೊಳ್ಳುತ್ತಾರೆ. ಹಣದ ಬದಲು ಸರದಿ ಕೆಲಸ ಕೊಟ್ಟೆ: ಒಬ್ಬರು ಗಂಟೆ, ಒಬ್ಬರು ಓದು, ಒಬ್ಬರು ಬಾರದವರಿಗೆ ಫೋನ್. ಮಂದಿ ಎಂಟೊಂಬತ್ತು ಇದ್ದರೆ ಸರಿ. ಹನ್ನೆರಡು ದಾಟಿದರೆ ಪ್ರೇಕ್ಷಕರು ಹುಟ್ಟಿಕೊಳ್ಳುತ್ತಾರೆ, ಆಗ ಕೂಟವನ್ನು ಎರಡು ಮಾಡಿ.

ಮೌನದಲ್ಲಿ ಕ್ಯಾಮೆರಾ ಆನ್ ಇರಲಿ, ಆದರೆ ಪಕ್ಕದಿಂದ, ಭುಜ ಮತ್ತು ಕೈ ಕಾಣುವಷ್ಟು. ತನ್ನ ಮುಖ ತನಗೇ ಕಾಣುವುದನ್ನು ಸೆಟ್ಟಿಂಗ್ಸ್‌ನಲ್ಲಿ ಮರೆಮಾಡಿ. ಮೌನದ ನಡುವೆ ಕರೆ ಬಾರದಿರಲು ಫೋನಿನ ‘ಡು ನಾಟ್ ಡಿಸ್ಟರ್ಬ್’ ನಂಬಬೇಡಿ. ಒಬ್ಬರೇ ಬೆನ್ನುಬೆನ್ನಿಗೆ ಕರೆ ಮಾಡಿದರೆ ಒಳಗೆ ಬಿಡುವ ವ್ಯವಸ್ಥೆ ಅದರಲ್ಲೇ ಇದೆ. ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿದರೆ ಸಿಮ್ ಕರೆ ನಿಲ್ಲುತ್ತದೆ (ಸಿಮ್ ಕರೆಯನ್ನು ವೈಫೈ ಮೂಲಕ ತರುವ ‘ವೈಫೈ ಕಾಲಿಂಗ್’ ಆಫ್ ಇರಬೇಕು), ವಾಟ್ಸಾಪ್ ಕರೆಯನ್ನು ಬೇರೆಯಾಗಿ ಕಟ್ಟಿಹಾಕಬೇಕು.

ಪಕ್ಕದಲ್ಲೊಂದು ಪ್ರಯೋಗವೂ ನಡೆದಿದೆ. ಗುಂಪಿನಲ್ಲಿ ಸುಭಾಷಿತದ ಚಿತ್ರಗಳನ್ನು ನಿಲ್ಲಿಸಿ, ವಾಟ್ಸಾಪ್‌ನ ಒಮ್ಮೆ ಮಾತ್ರ ಕೇಳಬಹುದಾದ ದನಿ ಸಂದೇಶಕ್ಕಷ್ಟೇ ಅವಕಾಶ ಕೊಟ್ಟಿದ್ದೇನೆ. ಫಾರ್ವರ್ಡ್ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಜನ ನೆಟ್ಟಗೆ ಮಾತಾಡುತ್ತಾರೆ. ಕೂಟದ ರೆಕಾರ್ಡಿಂಗ್ ಮಾತ್ರ ಬೇಡವೇ ಬೇಡ, ‘ಆಮೇಲೆ ಕೇಳುತ್ತೇನೆ’ ಎನ್ನುವವರು ಮರಳುವುದಿಲ್ಲ.

ದೂರದೇಶದವರಿದ್ದರೆ ಗಡಿಯಾರದ ಬಗ್ಗೆ ಎಚ್ಚರ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ನಡುವಿನ ಎರಡು ಮೂರು ವಾರ ಯಾರಾದರೂ ಮೌನ ಮುಗಿದ ಮೇಲೆ ಬಂದೇ ಬರುತ್ತಾರೆ. ಸಮಯವನ್ನು ಸಂದೇಶದಲ್ಲಿ ಬರೆಯದೆ ಕ್ಯಾಲೆಂಡರ್ ಆಹ್ವಾನವಾಗಿ ಕಳಿಸಿ, ಬದಲಾವಣೆ ಅದೇ ನೋಡಿಕೊಳ್ಳುತ್ತದೆ.