ಜರ್ಮನ್ ಪಾರ್ಟಿಸಿಪ್ ತಲೆಗೆ ಹೋಗಿದ್ದು ಕನ್ನಡದಿಂದ

ಜರ್ಮನ್ ಕಲಿಯೋವಾಗ ಬಿ1 ಅನ್ನೋ ಮಧ್ಯಮ ಲೆವೆಲ್‌ನಲ್ಲಿ ನಾನು ಸಿಕ್ಕಾಕೊಂಡಿದ್ದು ಈ ಪಾರ್ಟಿಸಿಪ್‌ಗಳನ್ನ, ಅಂದ್ರೆ ಕ್ರಿಯಾಪದದಿಂದ ಮಾಡಿದ 'ಕುದಿಯೋ', 'ಬೇಯಿಸಿದ' ಥರದ ರೂಪಗಳನ್ನ, ವಿಶೇಷಣ ಥರ ಬಳಸೋ ವಿಷಯದಲ್ಲಿ. 'ಡೆರ್ ಗೆಸ್ಟರ್ನ್ ಫಾನ್ ಮೈನೆಮ್ ಬ್ರೂಡರ್ ಗೆಕೌಫ್ಟೆ ವಾಗನ್' ಅಂತ ಒಂದು ವಾಕ್ಯ, ಇಂಗ್ಲಿಷ್‌ಗೆ ತಿರುಗಿಸೋಕೆ ಹೋಗಿ ಹೋಗಿ ಸುಸ್ತಾದೆ, ಯಾಕಂದ್ರೆ ಇಂಗ್ಲಿಷಲ್ಲಿ ಕಾರು ಮೊದಲು ಬಂದು ಮಿಕ್ಕಿದ್ದೆಲ್ಲ ಹಿಂದೆ ಬರುತ್ತೆ.

ಒಂದಿನ ಸುಮ್ನೆ ಕನ್ನಡದಲ್ಲಿ ಹೇಳ್ಕೊಂಡೆ: 'ನಿನ್ನೆ ನಮ್ಮಣ್ಣ ತಗೊಂಡ ಕಾರು'. ಅರೆ, ಅದೇ ಆರ್ಡರ್! ನಾವು ದಿನಾ ಮಾತಾಡೋದೇ ಹೀಗಲ್ವಾ.

ಆಮೇಲೆ ಸಲೀಸಾಯ್ತು. 'ಕುದಿಯೋ ನೀರು' ಅಂದ್ರೆ ಪಾರ್ಟಿಸಿಪ್ 1, ಕ್ರಿಯಾಪದ ಕೊಖೆನ್‌ಗೆ ಒಂದು ಡಿ ಸೇರಿಸಿ 'ಕೊಖೆಂಡೆಸ್ ವಾಸರ್'. 'ಬೇಯಿಸಿದ ಮೊಟ್ಟೆ' ಪಾರ್ಟಿಸಿಪ್ 2, 'ಗೆಕೊಖ್ಟೆಸ್ ಐ'. ಕೊನೆಗೆ ವಿಶೇಷಣದ ಬಾಲ ಮಾತ್ರ ಮರೀಬಾರ್ದು, 'ಐನ್ ಶ್ಲಾಫೆಂಡೆಸ್ ಕಿಂಡ್' (ನಿದ್ದೆ ಮಾಡ್ತಿರೋ ಒಂದು ಮಗು) ಆದ್ರೆ 'ದಾಸ್ ಶ್ಲಾಫೆಂಡೆ ಕಿಂಡ್', 'ಮಿಟ್ ಡೆಮ್ ಶ್ಲಾಫೆಂಡೆನ್ ಕಿಂಡ್' (ಈ ಬಾಲ ನನಗೆ ಇನ್ನೂ ತಪ್ಪುತ್ತೆ, ಸುಳ್ಳು ಯಾಕೆ ಹೇಳ್ಲಿ).

ಆದ್ರೆ ಒಂದು ಕಡೆ ಕನ್ನಡ ನಂಬಿ ಬಿದ್ದೆ. ನಮ್ಮಲ್ಲಿ 'ಓದಿದ ಪುಸ್ತಕ', 'ಓದಿದ ಹುಡುಗ' ಎರಡೂ ಸರಿ. ಜರ್ಮನ್‌ನಲ್ಲಿ 'ದಾಸ್ ಗೆಲೆಸೆನೆ ಬೂಖ್' ಓಕೆ, 'ಡೆರ್ ಗೆಲೆಸೆನೆ ಯುಂಗೆ' ಅಂದ್ರೆ ಹುಡುಗನನ್ನೇ ಯಾರೋ ಓದಿಬಿಟ್ರು ಅಂತಾಗುತ್ತೆ! ಟೀಚರ್ ಬಿದ್ದು ಬಿದ್ದು ನಕ್ಕರು. ಅಲ್ಲಿ 'ಡೆರ್ ಯುಂಗೆ, ಡೆರ್ ಗೆಲೆಸೆನ್ ಹಾಟ್' ಅಂತ ಬಿಡಿಸಿ ಹೇಳ್ಬೇಕು. 'ಬಂದ ರೈಲು' ಮಾತ್ರ 'ಡೆರ್ ಆನ್‌ಗೆಕೊಮೆನೆ ತ್ಸೂಗ್' ಅಂತ ನಡೆಯುತ್ತೆ, ಯಾಕಂದ್ರೆ ಮುಗಿದಿದ್ದನ್ನ ಹೇಳೋವಾಗ ಆ ಕ್ರಿಯಾಪದ ಸಹಾಯಕ್ಕೆ ಹಾಬೆನ್ (ಇಂಗ್ಲಿಷ್‌ನ have) ಅಲ್ಲ, ಜೈನ್ (be) ತಗೊಳ್ಳುತ್ತೆ.