ತೋಟದ ಖರ್ಚಿನಲ್ಲೇ ಸಿಂಗಾಪುರ: ಕಾರ್ಡ್ ಬೋನಸ್ಸು, ನನ್ನ ಅನುಭವ

"ಮೈಲ್ಸ್ ಕಾರ್ಡೆಲ್ಲ ಬೆಂಗಳೂರಿನ ಸಾಫ್ಟ್‌ವೇರ್‌ನವರಿಗೆ. ಕಾಫಿ ಬೆಳೆಗಾರರಿಗೆ ಯಾಕೆ?" ಚಿಕ್ಕಮಗಳೂರು ಜಿಲ್ಲೆಯ ನಮ್ಮ ಆಲ್ದೂರಿನ ಸುತ್ತಮುತ್ತ ನನಗೆ ಈ ಮಾತು ಹೇಳದವರು ಕಡಿಮೆ. ನಮ್ಮ ಲೆಕ್ಕ ನೋಡುವ ಆಡಿಟರ್ ಕೂಡ ಹೇಳಿದರು. ಈಗ ನಾನು ಧೈರ್ಯವಾಗಿ ಹೇಳುತ್ತೇನೆ, ಆಗುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಸಿಂಗಾಪುರಕ್ಕೆ ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ ಮೈಲ್ಸ್ ಮೇಲೆ, ಅಂದರೆ ಕ್ರೆಡಿಟ್ ಕಾರ್ಡ್ ಖರ್ಚಿಗೆ ಸಿಗುವ, ಟಿಕೆಟ್ಟಿಗೆ ಬದಲಾಯಿಸಬಹುದಾದ ಪಾಯಿಂಟ್ ಮೇಲೆ, ಹೋದೆವು. ಹೋಗುವ ಟಿಕೆಟ್ಟಿಗೆ ಕೈಯಿಂದ ಕೊಟ್ಟದ್ದು ಟ್ಯಾಕ್ಸ್ ಮಾತ್ರ. ಆ ಮೈಲ್ಸ್ ಬಂದದ್ದು ಸ್ಪ್ರಿಂಕ್ಲರ್ ಪೈಪು, ವೀಡ್ ಕಟರ್, ಮಗಳ ಕಾಲೇಜು ಫೀಸು, ಹೋಮ್‌ಸ್ಟೇಗೆ ತಂದ ಹಾಸಿಗೆಗಳಿಂದ. ಕಾರ್ಡಿಗೋಸ್ಕರ ಅಂತ ಒಂದು ರೂಪಾಯಿಯ ಸಾಮಾನನ್ನೂ ಹೆಚ್ಚಿಗೆ ಕೊಂಡಿಲ್ಲ.

ಸಿಬಿಲ್ ಅಂದರೇನು, ಬಿಲ್ಲಿಂಗ್ ಸೈಕಲ್ ಅಂದರೇನು ಅಂತ ಇಲ್ಲಿ ಬರೆಯಲು ಹೋಗುವುದಿಲ್ಲ. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವವರಿಗೆ ಮಾತ್ರ ಈ ಬರಹ. ತಿಂಗಳಿಗೆ ಮೂರೂವರೆ ಪರ್ಸೆಂಟಿನ ಹತ್ತಿರ ಬಡ್ಡಿ ಬೀಳುವ ಕಡೆ ಯಾವ ಬೋನಸ್ಸೂ ನಿಲ್ಲುವುದಿಲ್ಲ.

ನಮ್ಮಂಥವರಿಗೆ ಮೊದಲ ಗೋಡೆ ಆದಾಯ ತೋರಿಸುವುದು. ದುಡ್ಡು ಬರುತ್ತದೆ, ಆದರೆ ಅದು ಕೃಷಿ ಆದಾಯ, ಟ್ಯಾಕ್ಸ್ ಇಲ್ಲ. ಸಂಬಳದ ಸ್ಲಿಪ್ ಇಲ್ಲ. ಐಟಿ ರಿಟರ್ನ್ಸ್ ನೋಡಿದರೆ ಅಷ್ಟೋ ಇಷ್ಟೋ. ಮೊದಲು ಅರ್ಜಿ ಹಾಕಿದ ಬ್ಯಾಂಕು, ಅದರ ಹೆಸರು ಬೇಡ, ಎರಡೇ ದಿನದಲ್ಲಿ ಇಲ್ಲ ಅಂದಿತು. ಅದೇ ಬ್ಯಾಂಕಿನಲ್ಲಿ ನಮ್ಮ ಅಪ್ಪನ ಕಾಲದಿಂದ ಖಾತೆ ಇದೆ. ಇನ್ನೊಂದು ಕಡೆ ವಿಳಾಸ ಪರಿಶೀಲನೆಗೆ ಬರಬೇಕಾದ ಹುಡುಗ ತೋಟದವರೆಗೆ ಬರಲೇ ಇಲ್ಲ, "ವಿಳಾಸ ಸಿಗಲಿಲ್ಲ" ಅಂತ ಬರೆದು ಮುಗಿಸಿದ. ಅರ್ಜಿ ತಿರಸ್ಕಾರ ಆದರೂ ಸಿಬಿಲ್‌ನಲ್ಲಿ, ಅಂದರೆ ನಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ, ಬ್ಯಾಂಕು ವಿಚಾರಿಸಿದ ಗುರುತು (ಎನ್‌ಕ್ವೈರಿ) ಮಾತ್ರ ಉಳಿಯುತ್ತದೆ, ಗೊತ್ತಲ್ವಾ.

ಆಮೇಲೆ ನಾನು ಹಿಡಿದ ದಾರಿ ಇದು. ರಿಟರ್ನ್ಸ್‌ನಲ್ಲಿ ಕೃಷಿ ಆದಾಯವನ್ನು ಪೂರ್ತಿ ತೋರಿಸಿದೆ. ಕೃಷಿ ಆದಾಯ 5,000 ದಾಟಿದರೆ ಐಟಿಆರ್-4 ಅನ್ನುವ ಸರಳ ಫಾರಂ ನಡೆಯುವುದಿಲ್ಲ, ಐಟಿಆರ್-3 ಹಾಕಬೇಕು. ಆಡಿಟರ್ ಫೀಸು ಸ್ವಲ್ಪ ಜಾಸ್ತಿ ಆಯಿತು. ಕಾಫಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು) ಮಾಡಿಸಿ ಮಾರುವವರಿಗೆ ಆದಾಯ ತೆರಿಗೆಯ ನಿಯಮದ ಪ್ರಕಾರ ಆ ಆದಾಯದ 25% ಹೇಗೂ ಟ್ಯಾಕ್ಸಿಗೆ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ 40%. ನಾವು ಹೋಮ್‌ಸ್ಟೇಗೆ ಬಂದವರಿಗೆ ಪುಡಿ ಮಾರುತ್ತೇವೆ, ಅದನ್ನೂ ಸರಿಯಾಗಿ ಲೆಕ್ಕಕ್ಕೆ ತಂದೆ. ಟ್ಯಾಕ್ಸ್ ಹೆಚ್ಚಾದದ್ದು ಕೆಲವು ಸಾವಿರ. ಆದರೆ ರಿಟರ್ನ್ಸ್ ಕಾಗದ ನೋಡಿದವರಿಗೆ ಆದಾಯ ಕಾಣುವಂತಾಯಿತು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಖರ್ಚು ಇದೇ.

ಜೊತೆಗೆ ಒಂದು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತಗೊಂಡೆ. ಎಫ್‌ಡಿ ಬಡ್ಡಿ ಎಫ್‌ಡಿಗೆ ಬರುತ್ತಿರುತ್ತದೆ, ಕಾರ್ಡಿನ ಚರಿತ್ರೆ ಸಿಬಿಲ್‌ನಲ್ಲಿ ಬೆಳೆಯುತ್ತಿರುತ್ತದೆ. ಒಂದು ವರ್ಷ ದಿನಸಿ, ಡೀಸೆಲ್ ಎಲ್ಲ ಅದರಲ್ಲೇ. ಬೆಳೆ ಸಾಲ ಇರುವವರು ಇನ್ನೊಂದು ನೋಡಿಕೊಳ್ಳಿ. ರಿನೀವಲ್ ಒಂದು ವಾರ ತಡವಾದರೂ ರಿಪೋರ್ಟಿನಲ್ಲಿ ಬಾಕಿ ಅಂತ ಕಾಣಬಹುದು. ಕಾರ್ಡಿನವರು ಅದು ಕೊಯ್ಲಿನ ಗಡಿಬಿಡಿ ಅಂತ ಯೋಚಿಸುವುದಿಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ನಿಯಮ ಬಂತು, ಹಾಗಾಗಿ ಒಳ್ಳೆಯದೂ ಕೆಟ್ಟದ್ದೂ ಬೇಗ ಕಾಣುತ್ತದೆ. ಸಿಬಿಲ್ ಸ್ಕೋರು 780 ಸುಮಾರಿಗೆ ಬಂದ ಮೇಲೆ ಅರ್ಜಿ ಹಾಕಿದೆ. ವಿಳಾಸಕ್ಕೆ ತೋಟದ ಬದಲು ಚಿಕ್ಕಮಗಳೂರು ಪೇಟೆಯ ನಮ್ಮ ಮನೆಯದ್ದು ಕೊಟ್ಟೆ. ಕೊರಿಯರ್ ಮರುದಿನವೇ ಕೈಗೆ ಬಂತು.

ಈಗ ಕಾರ್ಡ್ ಆರಿಸುವ ವಿಷಯ. ಎಲ್ಲರೂ ದೊಡ್ಡ ಬೋನಸ್ ಯಾವುದು ಅಂತ ಹುಡುಕುತ್ತಾರೆ. ನಾನು ಮೊದಲು ಖರ್ಚು ಹುಡುಕಿದೆ. ಹಳೇ ಡೈರಿ ತೆಗೆದು ವರ್ಷದ ಖರ್ಚೆಲ್ಲ ತಿಂಗಳುವಾರು ಬರೆದೆ. ಕೂಲಿ ನಗದು, ಅದು ಬಿಟ್ಟೆ. ಗೊಬ್ಬರದ ಅಂಗಡಿಯಲ್ಲಿ ಮೆಷಿನ್ ಇದೆ, ಆದರೆ ಅದು ಆಧಾರ್ ಹೆಬ್ಬೆಟ್ಟಿನ ಮೆಷಿನ್, ಸಬ್ಸಿಡಿ ಲೆಕ್ಕಕ್ಕೆ. ಕಾರ್ಡ್ ಉಜ್ಜಲು ಅಲ್ಲಿ ಏನೂ ಇಲ್ಲ. ಇನ್ಶೂರೆನ್ಸ್, ಕರೆಂಟ್ ಬಿಲ್, ಡೀಸೆಲ್, ಚಿನ್ನ, ಇವಕ್ಕೆ ಬಹಳಷ್ಟು ಟ್ರಾವೆಲ್ ಕಾರ್ಡುಗಳಲ್ಲಿ ಪಾಯಿಂಟ್ ಇಲ್ಲ, ಬೋನಸ್ಸಿಗೆ ಮುಟ್ಟಬೇಕಾದ ಖರ್ಚಿನ ಗುರಿಗೂ ಸೇರುವುದಿಲ್ಲ. ಇದೆಲ್ಲ ಕಳೆದ ಮೇಲೆ ಉಳಿದದ್ದು ಮೂರು ರಾಶಿ. ಫೆಬ್ರವರಿ-ಮಾರ್ಚಿನಲ್ಲಿ ಹೂವಿನ ನೀರಿಗೆ ಮುಂಚೆ ಪಂಪು, ಪೈಪು, ರಿಪೇರಿ. ಜೂನ್-ಜುಲೈನಲ್ಲಿ ಕಾಲೇಜು ಫೀಸು, ಹಾಸ್ಟೆಲ್. ಅಕ್ಟೋಬರಿನಲ್ಲಿ ದಸರಾ ಜನ ಬರುವ ಮೊದಲು ಹೋಮ್‌ಸ್ಟೇ ಸಾಮಾನು. ಎಲ್ಲ ಸೇರಿ ಆರು ಲಕ್ಷ ಚಿಲ್ಲರೆ. ಈ ಮೂರು ರಾಶಿಗೆ ಯಾವ ಕಾರ್ಡಿನ ಗಡುವು ಹೊಂದುತ್ತದೋ ಅದೇ ನನ್ನ ಕಾರ್ಡು.

ಹಾಗೆ ನೋಡಿದಾಗ ಆಕ್ಸಿಸ್ ಬ್ಯಾಂಕಿನ ಅಟ್ಲಾಸ್ ಕಾರ್ಡು ಸರಿಹೋಯಿತು. ನಾನು ತಗೊಂಡಾಗ ಫೀಸು 5,000, ಜಿಎಸ್‌ಟಿ ಸೇರಿ 5,900. ಸೇರಿದ್ದಕ್ಕೆ ಬೋನಸ್ 2,500 ಎಜ್ ಮೈಲ್ಸ್ (ಆ ಬ್ಯಾಂಕಿನ ಪಾಯಿಂಟು), ಮೊದಲ 37 ದಿನದಲ್ಲಿ ಒಂದು ಸ್ವೈಪ್ ಮಾಡಿದರೆ ಸಾಕು. "ಇಷ್ಟೇನಾ?" ಅಂತ ಎಲ್ಲರೂ ಮೂಗು ಮುರಿದರು. ಲೆಕ್ಕ ಮುಂದೆ ಇದೆ. ವರ್ಷದಲ್ಲಿ 3 ಲಕ್ಷ ಖರ್ಚು ಮುಟ್ಟಿದರೆ ಇನ್ನೂ 2,500. ಸಾಮಾನ್ಯ ಖರ್ಚಿಗೆ ನೂರಕ್ಕೆ 2, ಅಂದರೆ 3 ಲಕ್ಷಕ್ಕೆ 6,000. ಒಟ್ಟು 11,000. ಅಲ್ಲಿಂದ ಏರ್‌ಲೈನ್ಸ್ ಕಡೆಗೆ ಕಳಿಸುವಾಗ ಒಂದಕ್ಕೆ ಎರಡು. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಅನ್ನುವ ಮೈಲ್ಸ್ ಖಾತೆಯಲ್ಲಿ 22,000 ಆಯಿತು. ಬೆಂಗಳೂರು-ಸಿಂಗಾಪುರ ಎಕಾನಮಿ ಸೇವರ್ (ಕಡಿಮೆ ಮೈಲ್ಸ್‌ಗೆ ಸಿಗುವ ಸೀಟು), ಒಂದು ದಾರಿಗೆ, ಆಗ ಇಪ್ಪತ್ತು ಸಾವಿರದ ಆಸುಪಾಸು ಇತ್ತು. ಒಂದು ಸೀಟು ಆಯಿತು.

ಎರಡನೇ ಸೀಟು ಹೆಂಡತಿಯ ಹೆಸರಿನ ಕಾರ್ಡಿನಿಂದ. ನನ್ನ ಕಾರ್ಡಿಗೇ ಜೋಡಿಸಿದ ಆಡ್-ಆನ್ ಕಾರ್ಡ್ ಕೊಡಿಸಿದರೆ ಹೊಸ ಬೋನಸ್ ಬರುವುದಿಲ್ಲ, ಬೇರೆಯದೇ ಕಾರ್ಡ್ ಬೇಕು. ನಮ್ಮ ಹೋಮ್‌ಸ್ಟೇ ಮೊದಲಿಂದಲೂ ಅವಳ ಹೆಸರಿನಲ್ಲೇ ಇದೆ, ರಿಟರ್ನ್ಸ್ ಕೂಡ ಅವಳದೇ ಇದೆ. ನಿಜ ಹೇಳಬೇಕೆಂದರೆ ಅವಳ ಅರ್ಜಿ ನನ್ನದಕ್ಕಿಂತ ಸಲೀಸಾಗಿ ಪಾಸಾಯಿತು, ಲಿಮಿಟ್ಟೂ ಜಾಸ್ತಿ ಕೊಟ್ಟರು. ಪಂಪು-ಪೈಪು ನನ್ನ ಕಾರ್ಡಿಗೆ, ಹೋಮ್‌ಸ್ಟೇ ಸಾಮಾನು ಅವಳ ಕಾರ್ಡಿಗೆ, ಫೀಸನ್ನು ಎರಡಕ್ಕೂ ಹಂಚಿದೆವು. ಕಾಲೇಜು ಫೀಸನ್ನು ಬೇರೆ ಆ್ಯಪ್ ಮೂಲಕ ಕಟ್ಟಿದರೆ ಈಗ ಬಹುಪಾಲು ಬ್ಯಾಂಕುಗಳು 1% ಹಾಕುತ್ತವೆ. ಹಾಗಾಗಿ ಮಂಗಳೂರಿಗೇ ಹೋಗಿ ಕಾಲೇಜಿನ ಕೌಂಟರಿನಲ್ಲಿ ಸ್ವೈಪ್ ಮಾಡಿದೆ. ಮಗಳನ್ನು ನೋಡಿದ ಹಾಗೂ ಆಯಿತು.

ಸ್ವೈಪ್ ಚಾರ್ಜ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಎಲ್ಲರೂ ಎಡವುವುದು ಇಲ್ಲೇ. ಚಿಕ್ಕಮಗಳೂರಿನಲ್ಲಿ ಮೋಟಾರು ಅಂಗಡಿಯವರು ಕಾರ್ಡ್ ಅಂದ ತಕ್ಷಣ "ಎರಡು ಪರ್ಸೆಂಟ್ ಆಗುತ್ತೆ" ಅನ್ನುತ್ತಾರೆ. ಪಂಪು, ಪೈಪು, ಫಿಟ್ಟಿಂಗ್ ಸೇರಿ 1,40,000 ಆಗಿತ್ತು. ಎರಡು ಪರ್ಸೆಂಟ್ ಅಂದರೆ 2,800 ರೂಪಾಯಿ. ಆ ಖರ್ಚಿಗೆ ನನಗೆ ಬರುವುದು 2,800 ಎಜ್ ಮೈಲ್ಸ್, ಅಂದರೆ 5,600 ಕ್ರಿಸ್‌ಫ್ಲೈಯರ್. ಒಂದು ಮೈಲಿಗೆ ಐವತ್ತು ಪೈಸೆ ಕೊಟ್ಟ ಹಾಗೆ. ಟಿಕೆಟ್ ದರಕ್ಕೆ ಹೋಲಿಸಿದರೆ ಮೈಲಿಗೆ ನನಗೆ ಸಿಕ್ಕಿದ್ದು ಎಂಬತ್ತು ಪೈಸೆ ಸುಮಾರು. ಉಳಿಯುವುದು ಮೂವತ್ತೇ ಪೈಸೆ. ಗುರಿ ಮುಟ್ಟಲು ಕೊನೆಯ ಇಪ್ಪತ್ತು ಸಾವಿರ ಬೇಕಿದ್ದರೆ ಎರಡು ಪರ್ಸೆಂಟ್ ಕೊಡಬಹುದು, ಸುಮ್ನೆ ಕೊಡಬಾರದು. ನಾನು ಆ ಅಂಗಡಿಯಲ್ಲಿ ಒಂದಕ್ಕೆ ಇಳಿಸಿದೆ. ಹೇಗೆ ಇಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬರೆದರೆ ಮುಂದಿನ ಫೆಬ್ರವರಿಗೆ ನನಗೇ ಸಿಗುವುದಿಲ್ಲ. ಹಾಸನದಲ್ಲಿ ಒಂದು ಅಂಗಡಿ ಚಾರ್ಜೇ ಹಾಕುವುದಿಲ್ಲ, ವೀಡ್ ಕಟರ್ ಅಲ್ಲಿಂದ ತಂದದ್ದು. ಅದರ ಹೆಸರೂ ಬೇಡ.

ಒಟ್ಟು ಲೆಕ್ಕ, ನೆನಪಿನಿಂದ. ತಲೆಗೆ ಫೀಸು 5,900. ಸ್ವೈಪ್ ಚಾರ್ಜ್ ಸಾವಿರದ ಆಚೀಚೆ. ಟಿಕೆಟ್ ಟ್ಯಾಕ್ಸ್ ಎರಡು-ಮೂರು ಸಾವಿರ. ಹತ್ತು ಸಾವಿರದ ಒಳಗೆ ಮುಗಿಯಿತು. ಅದೇ ವಿಮಾನಕ್ಕೆ ಆ ದಿನ ನಗದು ದರ ಹದಿನೆಂಟು ಸಾವಿರ ಚಿಲ್ಲರೆ ತೋರಿಸುತ್ತಿತ್ತು. ಒಂದೂವರೆ ಪರ್ಸೆಂಟ್ ಕ್ಯಾಶ್‌ಬ್ಯಾಕ್ ಕಾರ್ಡಿನಲ್ಲಿ ಅದೇ 3 ಲಕ್ಷ ಖರ್ಚು ಮಾಡಿದ್ದರೆ 4,500 ಬರುತ್ತಿತ್ತು, ಅದನ್ನೂ ಕಳೆಯಬೇಕು. ಕಳೆದರೂ ಲಾಭವೇ. ವಾಪಸ್ ಬರುವ ಟಿಕೆಟ್ ದುಡ್ಡು ಕೊಟ್ಟೇ ತಗೊಂಡೆವು. ಏರ್‌ಲೈನಿನ ಸೈಟಿನಲ್ಲೇ ನೇರ ತಗೊಂಡಿದ್ದಕ್ಕೆ ಅಟ್ಲಾಸ್‌ನಲ್ಲಿ ನೂರಕ್ಕೆ 5 ಬಂತು.

ಸೀಟು ಹಿಡಿಯುವಾಗ ಒಂದು ಕ್ರಮ ತಪ್ಪಿಸಬೇಡಿ. ಮೊದಲು ಕ್ರಿಸ್‌ಫ್ಲೈಯರ್ ಖಾತೆಯಲ್ಲಿ ಸೇವರ್ ಸೀಟು ಕಾಣುತ್ತಿದೆಯಾ ನೋಡಿ, ಆಮೇಲೆ ಪಾಯಿಂಟ್ ಕಳಿಸಿ. ಒಮ್ಮೆ ಕಳಿಸಿದರೆ ವಾಪಸ್ ಬರುವುದಿಲ್ಲ, ಮೂರು ವರ್ಷಕ್ಕೆ ಮೈಲ್ಸ್ ಅವಧಿ ಮುಗಿಯುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು, ನಮಗೆ ಎಲ್ಲೂ ಹೋಗಲಾಗುವುದಿಲ್ಲ. ಅದೇ ನಮಗೆ ಅನುಕೂಲ. ಡಿಸೆಂಬರ್ ರಜಕ್ಕೆ ಎಲ್ಲರೂ ಸೀಟಿಗೆ ಕಿತ್ತಾಡುವಾಗ ನಾವು ಸೆಪ್ಟೆಂಬರ್ ನೋಡುತ್ತೇವೆ, ಸೀಟು ಸಲೀಸಾಗಿ ಸಿಗುತ್ತದೆ. ಇನ್ನೊಂದು ತೊಂದರೆ ಓಟಿಪಿ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಟಿಕೆಟ್ ಟ್ಯಾಕ್ಸ್ ಕಟ್ಟುವಾಗ ಓಟಿಪಿ ಬರುವಷ್ಟರಲ್ಲಿ ಪೇಜು ಸತ್ತು ಹೋಗುತ್ತಿತ್ತು. ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಕಾಫಿ ಒಣಗಿಸುವ ಕಣದ ಮೂಲೆಗೆ ಹೋದೆ. ಅಲ್ಲಿ ಎರಡು ಕಡ್ಡಿ ಸಿಗ್ನಲ್ ಇರುತ್ತದೆ. ಅಲ್ಲೇ ಕಲ್ಲಿನ ಮೇಲೆ ಕೂತು ಎರಡೂ ಟಿಕೆಟ್ ಮುಗಿಸಿದೆ.

ಬೇರೆ ಪ್ರಯೋಗಗಳೂ ಆದವು. ಎಚ್‌ಡಿಎಫ್‌ಸಿಯ ಮ್ಯಾರಿಯಟ್ ಬಾನ್‌ವಾಯ್ ಕಾರ್ಡು 2023ರಲ್ಲಿ ಬಂದದ್ದು, ಫೀಸು ಟ್ಯಾಕ್ಸ್ ಸೇರಿ 3,540. ಸೇರಿದ್ದಕ್ಕೆ 15,000 ಪಾಯಿಂಟ್ ಮಟ್ಟದ ಹೋಟೆಲಿನಲ್ಲಿ ಒಂದು ರಾತ್ರಿ ಉಚಿತ. ಅದು ಡೈನರ್ಸ್ ನೆಟ್‌ವರ್ಕು, ನಮ್ಮ ಪೇಟೆಯಲ್ಲಿ ನಡೆಯುವ ಮೆಷಿನ್ ಹುಡುಕಬೇಕು. ಆದರೆ ದೊಡ್ಡ ಖರ್ಚಿನ ಗುರಿ ಇಲ್ಲದ್ದರಿಂದ ನನಗೆ ಅದು ಅಡ್ಡಿಯಾಗಲಿಲ್ಲ. ಎಂಟು ಸಾವಿರದ ಹತ್ತಿರ ಕೇಳುತ್ತಿದ್ದ ರೂಮಿನಲ್ಲಿ ಕೊಚ್ಚಿಯಲ್ಲಿ ಇದ್ದು ಬಂದೆವು. ಖರ್ಚು ಕಡಿಮೆ ಇರುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ರುಪೇ ಕಾರ್ಡನ್ನು ಯುಪಿಐಗೆ ಸೇರಿಸಿ ಆಲ್ದೂರಿನ ಸಣ್ಣ ಅಂಗಡಿಗಳ ಕ್ಯೂಆರ್ ಮೇಲೂ ಓಡಿಸಿ ನೋಡಿದೆ. ಅಂಗಡಿಯ ಕ್ಯೂಆರ್ ಆದರೆ ನಡೆಯುತ್ತದೆ, ಸ್ವಂತ ಖಾತೆಯ ಕ್ಯೂಆರ್ ಆದರೆ ಇಲ್ಲ. ನಮ್ಮ ಕಡೆ ಅರ್ಧಕ್ಕರ್ಧ ಸ್ವಂತ ಖಾತೆಯದೇ. ದಿನಸಿಗೆ ಪರವಾಗಿಲ್ಲ, ಪ್ರಯಾಣಕ್ಕೆ ಅದರಿಂದ ಏನೂ ಆಗಲಿಲ್ಲ. ವೋಚರ್ ಕೊಡುವ ಕಾರ್ಡು ಒಂದು ತಗೊಂಡಿದ್ದೆ. ವೋಚರ್ ನಡೆಯುವ ಅಂಗಡಿ ಬೆಂಗಳೂರಿನ ಮಾಲ್‌ನಲ್ಲಿ ಮಾತ್ರ. ಅದು ದಂಡ. ಬೋನಸ್ ವೋಚರ್ ಆಗಿದ್ದರೆ ನಮ್ಮ ಜಿಲ್ಲೆಯವರು ಅರ್ಧ ಬೆಲೆಗೆ ಲೆಕ್ಕ ಹಾಕಿ.

ಪಾಯಿಂಟ್ ಕೂಡಿಟ್ಟು ಕಾಯುವುದು ನನಗೆ ಸರಿಕಾಣುವುದಿಲ್ಲ. ಆಕ್ಸಿಸ್ ಬ್ಯಾಂಕಿನದೇ ಮ್ಯಾಗ್ನಸ್ ಕಾರ್ಡಿನಲ್ಲಿ ತಿಂಗಳಿಗೆ ಲಕ್ಷ ಖರ್ಚು ಮಾಡಿದರೆ 25,000 ಪಾಯಿಂಟ್ ಬರುತ್ತಿತ್ತು, 2023ರ ಸೆಪ್ಟೆಂಬರಿನಿಂದ ನಿಂತಿತು. ವಿಸ್ತಾರಾ ವಿಮಾನ ಕಂಪನಿಯ ಹೆಸರಿನ ಕಾರ್ಡುಗಳು ಸೇರಿದವರಿಗೆ ಟಿಕೆಟ್ಟೇ ಕೊಡುತ್ತಿದ್ದವು, 2024ರ ನವೆಂಬರ್ 12ಕ್ಕೆ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಕಾಫಿಯನ್ನು ರೇಟು ಏರುವವರೆಗೆ ಗೋಡೌನಿನಲ್ಲಿ ಇಡಬಹುದು, ಪಾಯಿಂಟಿನ ರೇಟು ಇಳಿಯುತ್ತದೆಯೇ ಹೊರತು ಏರಿದ್ದು ನಾನು ಕಂಡಿಲ್ಲ. ವರ್ಷದೊಳಗೆ ಬಳಸಿ ಮುಗಿಸಿ. ನಾನು ಇಲ್ಲಿ ಬರೆದ ಅಂಕಿಗಳೂ ನಾನು ತಗೊಂಡ ಹೊತ್ತಿನವು, ಅರ್ಜಿ ಹಾಕುವ ದಿನ ಬ್ಯಾಂಕಿನ ನಿಯಮದ ಪುಟ ಓದಿ.

ಈಗ ನನ್ನ ಕಾರ್ಡಿಗೆ ಎರಡನೇ ವರ್ಷದ ಫೀಸು ಬರುವ ಹೊತ್ತು. ಮೊದಲು ಫೋನ್ ಮಾಡಿ ಮನ್ನಾ ಕೇಳುತ್ತೇನೆ. ಇಲ್ಲ ಅಂದರೆ ಪಾಯಿಂಟನ್ನೆಲ್ಲ ಕಳಿಸಿ, ಬಾಕಿ ಸೊನ್ನೆ ಮಾಡಿ, ಮುಚ್ಚಲು ಲಿಖಿತವಾಗಿ ಕೇಳುತ್ತೇನೆ. ಆರ್‌ಬಿಐನ 2022ರ ನಿಯಮದಂತೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು. ಹಿಂದೆ ಒಂದು ಕಾರ್ಡ್ ಮುಚ್ಚಲು ತಿಂಗಳುಗಟ್ಟಲೆ ಸತಾಯಿಸಿದ್ದರು. ಈ ನಿಯಮದ ಸಾಲನ್ನು ಇಮೇಲಿನಲ್ಲಿ ಬರೆದ ಮೇಲೆ ಮೂರೇ ದಿನದಲ್ಲಿ ಮುಚ್ಚಿದರು. ಹೆಂಡತಿಯ ಕಾರ್ಡನ್ನು ಇಟ್ಟುಕೊಳ್ಳುತ್ತೇವೆ, ಹೋಮ್‌ಸ್ಟೇ ಮಹಡಿಯ ಕೆಲಸ ಈ ವರ್ಷ ಇದೆ. ಟೈಲ್ಸ್, ಗೀಸರ್, ಮಂಚ ಸೇರಿ ನಾಲ್ಕು ಲಕ್ಷದ ಅಂದಾಜು. ಅದಕ್ಕೆ ಹೊಂದುವ ಹೊಸ ಕಾರ್ಡ್ ನನ್ನ ಹೆಸರಿನಲ್ಲಿ ನೋಡುತ್ತಿದ್ದೇನೆ. ಟೈಲ್ಸ್ ಅಂಗಡಿಯವರ ಜೊತೆ ಚಾರ್ಜಿನ ಮಾತು ಅರ್ಧ ಆಗಿದೆ.